ಹೆಚ್ಚಿಗಿ ಬಡಿದ ಎರಡು ರೊಟ್ಟಿ

ವರ್ಷದ ಕೊನೆಯ ದಿನ ಸಂಜೆ ಆರಕ್ಕೆ ಎಲ್ಲ ವಾಹನಗಳು ಓಡಬಲ್ಲ ದೂರವನ್ನೂ ಕತ್ತರಿಸುತ್ತಾರೆ. ಆ ವರ್ಷ ಗಾಡಿ ಒಂದೇ ದಿನದಲ್ಲಿ ಅತಿ ಹೆಚ್ಚು ಎಷ್ಟು ಓಡಿದೆಯೋ, ಮುಂದಿನ ವರ್ಷ ಅದರ ಬ್ಯಾಟರಿ ದಿನಕ್ಕೆ ಅಷ್ಟೇ ದೂರ ಓಡಿಸುತ್ತದೆ.

ಗದಗಿನ ಅಳತೆ ಕಚೇರಿಯಲ್ಲಿ ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ನೀಲಗಂಗವ್ವನ ಸರದಿ ಬಂತು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮುಟ್ಟಿಸುವ ಅವಳ ಪಿಕಪ್ ಬಾಗಿಲಲ್ಲೇ ನಿಂತಿತ್ತು.

“ನಿಮ್ಮ ಗಾಡಿ ಮುನ್ನೂರು ಕಿಲೋಮೀಟರ್ ಓಡತೈತಿ. ಆದ್ರ ಈ ವರ್ಷ ನೀವು ಒಂದ ದಿನಾನೂ ನಲವತ್ತು ದಾಟಿಲ್ಲ,” ಎಂದ ಅಧಿಕಾರಿ. “ನಲವತ್ತ ಸಾಕಲ್ರಿ ನಿಮಗ?”

“ನಿಮ್ಮ ಮನ್ಯಾಗ ಎಷ್ಟ ಮಂದಿ, ಸಾಹೇಬ್ರ?”

“ನಾಕ ಮಂದಿ.”

“ನಿಮ್ಮವ್ವ ಎಣಿಸಿ ರೊಟ್ಟಿ ಬಡೀತಾರೇನು?”

“ಇಲ್ಲ. ಯಾರರ ಬಂದ್ರ ಇರಲಿ ಅಂತ ಎರಡ ಹೆಚ್ಚಿಗಿ ಬಡೀತಾಳ.”

“ದಿನಾ ಬರತಾರೇನು?”

“ಎಲ್ಲಿ ಬರತಾರ? ಮರುದಿನ ನಾನ ತಿಂತೀನಿ.” ಅವನಿಗೆ ನಗು ಬಂತು, ಕೂಡಲೇ ಅದನ್ನು ನುಂಗಿಕೊಂಡ. “ಆದ್ರ ಇದು ರೊಟ್ಟಿ ಅಲ್ಲವ್ವಾ, ಕಾಯ್ದೆ. ಇಲ್ಲಿ ಸಹಿ ಹಾಕ್ರಿ.”

ನೀಲಗಂಗವ್ವ ಪೆನ್ನು ಮುಟ್ಟಲಿಲ್ಲ. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಸಹಿಯ ಕಾಗದದ ಮೇಲೆಯೇ ಇಟ್ಟಳು.

“ಹೆಚ್ಚಿಗಿ ಬಡಿದಿದ್ವು. ತಿನ್ರಿ. ಆರರ ತನಕ ಟೈಮ್ ಐತಲ್ಲ?”

ಅವಳು ಪಿಕಪ್ ಹತ್ತಿ ಚಾಲೂ ಮಾಡಿದಳು. ಅಧಿಕಾರಿ ಬಾಗಿಲಿಗೆ ಓಡಿಬಂದ.

“ಎಲ್ಲಿಗೆ ಹೊಂಟ್ರಿ?”

“ಕಾರವಾರಕ್ಕ. ನಾ ಇನ್ನೂ ಸಮುದ್ರ ನೋಡಿಲ್ರಿ. ನಿಮ್ಮ ನಲವತ್ತರಾಗ ಅದು ಇಲ್ಲ.”