ತೋಳನ ಸೇಬು

ಝಿವ್ಕಾ ಬೇಯಿಸಿದ ಗೋಧಿಯ ಬಟ್ಟಲನ್ನು ಗಂಡನ ಸಮಾಧಿಯ ಮೇಲೆ ಇಟ್ಟಿದ್ದೇ ತಡ, ಸುತ್ತಲಿನ ಹೆಂಗಸರು ಬೆನ್ನು ತಿರುಗಿಸಿದರು. ಸತ್ತವರ ಶನಿವಾರ ಊರವರು ಒಬ್ಬರ ಗೋಧಿ ಒಬ್ಬರು ಒಂದೊಂದು ಚಮಚ ತಿಂದು, ಮಣ್ಣಲ್ಲಿ ಮಲಗಿದವರಿಗಾಗಿ "ದೇವರು ಕ್ಷಮಿಸಲಿ" ಅನ್ನುತ್ತಾರೆ. ಒಂಬತ್ತು ವರ್ಷದಿಂದ ಝಿವ್ಕಾಳ ಗೋಧಿ ಮಾತ್ರ ಕಾಗೆಗಳ ಪಾಲು.

"ಕಷಾಯದವಳು ಬಂದ್ಲು," ಅಂದಳು ಪೇಯ್ಕಜ್ಜಿ, ಕೇಳಲಿ ಅಂತಲೇ.

ಮಗ ಸ್ಟಾಮೆನ್‌ನ ಮುಷ್ಟಿ ಬಿಗಿಯಿತು. ಎಲ್ಲ ಆ ದರಿದ್ರ ಪತ್ತೇದಾರಿ ಕಾದಂಬರಿಯಿಂದ! ಒಂದು ಚಳಿಗಾಲ ಊರ ವಾಚನಾಲಯದಲ್ಲಿ ಪೇಯ್ಕಜ್ಜಿಯೇ ಅದನ್ನು ಗಟ್ಟಿಯಾಗಿ ಓದಿದ್ದಳು. ಅದರಲ್ಲಿ ಹೆಂಡತಿ ದಿನಾ ಕಷಾಯಕ್ಕೆ ಚಿಟಿಕೆ ವಿಷ ಬೆರೆಸಿ ಗಂಡನನ್ನು ಸವೆಸಿ ಸವೆಸಿ ಕೊಲ್ಲುತ್ತಾಳೆ. ಅದೇ ವರ್ಷ ಅಪ್ಪ ಮೂತ್ರಪಿಂಡ ಬತ್ತಿ ಸತ್ತ, ಹಿಂದೆಯೇ ಚಿಕ್ಕಪ್ಪ. ಬೇರೆ ಮನೆಗಳಲ್ಲೂ ಹಾಗೇ ಸತ್ತಿದ್ದರು. ಅಲ್ಲೆಲ್ಲ ಬಾವಿನೀರಿನ ದೋಷ, ಇಲ್ಲಿ ಮಾತ್ರ ಅಮ್ಮನ ಕಷಾಯ! ಒಂದು ಪುಸ್ತಕ ಕೇಳಿದ್ದಕ್ಕೆ ಊರೆಲ್ಲ ಪತ್ತೇದಾರರು. ಶಾಲೆಯಲ್ಲಿ ಇದೇ ಮಾತಾಡಿದವನ ಹಲ್ಲು ಮುರಿದು ಸ್ಟಾಮೆನ್ ಓದಿಗೆ ಶರಣು ಹೊಡೆದಿದ್ದ.

ಅಷ್ಟರಲ್ಲಿ ರಾಜಧಾನಿ ಸೋಫಿಯಾದಿಂದ ಡಾಕ್ಟರ್ ಇಗ್ನಾತೊವಾ ಬಂದಳು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಒಣಗಿದ ಗಿಡ.

"ಊರೆಲ್ಲ ಇಲ್ಲೇ ಸಿಕ್ತೀರಿ ಅಂತ ಬಂದೆ. ಝಿವ್ಕಾ ಅವರ ಯಜಮಾನ್ರ ಮೂತ್ರಪಿಂಡದ ಚೂರು ಆಸ್ಪತ್ರೆಲಿತ್ತು. ಹೊಸ ಪರೀಕ್ಷೆ ಬಂದಿದೆ, ಮಾಡಿ ನೋಡಿದ್ವಿ. ವಿಷ ಹೌದು."

"ನಾನು ಹೇಳ್ಲಿಲ್ವಾ!" ಪೇಯ್ಕಜ್ಜಿ ಕೂಗಿದಳು.

"ಪೂರ್ತಿ ಕೇಳಿ. ಇದರ ವಿಷ," ಡಾಕ್ಟರ್ ಗಿಡ ಎತ್ತಿ ಹಿಡಿದಳು. "ತೋಳನ ಸೇಬು. ನಿಮ್ಮೆಲ್ಲರ ಹೊಲದಲ್ಲೂ ಇದೆ ಈ ಕಳೆ. ಬೀಜ ಗೋಧಿ ಜೊತೆ ಗಿರಣಿಗೆ ಹೋಗಿ ರೊಟ್ಟಿಯಾಗುತ್ತೆ. ವರ್ಷಗಟ್ಟಲೆ ತಿಂದವರ ಮೂತ್ರಪಿಂಡ ಹೋಗುತ್ತೆ. ಬೇರೆ ಐದು ಮನೆಯವರಲ್ಲೂ ಇದೇ ಗುರುತು ಸಿಕ್ಕಿದೆ. ಅಜ್ಜಿ, ನಿಮ್ಮ ಯಜಮಾನ್ರಲ್ಲೂ."

"ನಾನು ಅವ್ರಿಗೆ ಕಷಾಯಾನೇ ಕೊಟ್ಟಿಲ್ಲ!"

"ರೊಟ್ಟಿ ಕೊಟ್ಟಿದ್ರಲ್ಲ."

ಸ್ಟಾಮೆನ್ ಅಪ್ಪನ ಸಮಾಧಿಯ ಕಟ್ಟೆಯ ಮೇಲೆ ಕೂತ. ಊರವರ ಮುಖಕ್ಕೆ ಉಗಿಯಲು ಒಂಬತ್ತು ವರ್ಷ ಮಾತು ಕೂಡಿಟ್ಟಿದ್ದ; ಈಗ ನೆನಪಾದದ್ದೇ ಬೇರೆ. ಅಪ್ಪ ಸತ್ತ ಚಳಿಗಾಲ ಅವನಿಗೆ ಜ್ವರ ಬಂದಾಗ, ಅಮ್ಮ ಕೊಟ್ಟ ಕಷಾಯವನ್ನು ಅವನೂ ಕಿಟಕಿಯಾಚೆ ಚೆಲ್ಲಿದ್ದ. ಹಿಮದ ಮೇಲಿನ ಕಂದು ಕಲೆಯನ್ನು ಬೆಳಿಗ್ಗೆ ಅಮ್ಮ ನೋಡಿದ್ದಳು.

ಪೇಯ್ಕಜ್ಜಿ ಕೋಲೂರುತ್ತ ಬಂದು ಬಟ್ಟಲೊಳಗೆ ಇಣುಕಿದಳು. "ಈ ಗೋಧಿ...?"

"ಒಂದೊಂದೇ ಕಾಳು ಆರಿಸಿದೀನಿ, ಅಜ್ಜಿ. ಒಂಬತ್ತು ವರ್ಷದಿಂದ ಹಾಗೇ ಮಾಡ್ತಿದೀನಿ. ಯಾರಾದ್ರೂ ತಿಂದು, ಏನೋ ಸಿಕ್ತು ಅಂದ್ಬಿಟ್ರೆ?"

ಅಜ್ಜಿ ಚಮಚ ತುಂಬಾ ಬಾಯಿಗೆ ಹಾಕಿಕೊಂಡಳು. "ದೇವರು ಕ್ಷಮಿಸಲಿ."

"ಯಾರನ್ನ?" ಅಂದಳು ಝಿವ್ಕಾ.

"ನನ್ನನ್ನೇ ಕಣೇ! ನಿನ್ನ ಗಂಡ ಏನ್ ಮಾಡಿದ್ದ, ಪಾಪ!"

ಝಿವ್ಕಾಳಿಗೆ ತಡೆಯಲಾಗದೆ ನಗು ಉಕ್ಕಿತು. ಬಟ್ಟಲ ಸುತ್ತ ಕೈಗಳು ಮುತ್ತಿದವು. ಅವುಗಳ ನಡುವೆ ಸ್ಟಾಮೆನ್‌ನದೂ ಒಂದು.

"ಅಮ್ಮಾ, ನಂಗೂ ಒಂದು ಚಮಚ."