ಸೊಸೆ ಹಾಕಿದ ಗುರುತು

"ಚೆನ್ನಾಗಿರೋ ಗೋಡೆಗೆ ಯಾಕಮ್ಮ ಗುರುತು ಹಾಕ್ತಿದ್ದೀಯ?"

ಮಹಡಿಯ ಕಿಟಕಿಯಿಂದ ತಲೆ ಹೊರಹಾಕಿ ಟೈಲರಮ್ಮ ಕೇಳಿದ ರಭಸಕ್ಕೆ, ಗೋಡೆಗೆ ಕಟ್ಟಿದ ಮರದ ಸಾರುವೆಯ ಮೇಲೆ ನಿಂತಿದ್ದ ಮೇಸ್ತ್ರಿಯ ಸೊಸೆಯ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಮೇಸ್ತ್ರಿ ಆಗಷ್ಟೇ ಆ ಹೊರಗೋಡೆಯನ್ನು ಕರಣೆಯ ಹಿಡಿಯಿಂದ ಇಂಚಿಂಚೂ ತಟ್ಟಿ, ಗಾರೆ ಪೊಳ್ಳಾದ ಕಡೆಗಳಲ್ಲಿ ಸುತ್ತು ಬರೆದು, ಮರಳು ಜರಡಿ ಹಿಡಿಯಲು ಕೆಳಗಿಳಿದಿದ್ದರು. ಅದನ್ನೇ ಕಾಯುತ್ತಿದ್ದವಳಂತೆ ಸೊಸೆ ಮೇಲೆ ಹತ್ತಿ, ಅವರು ಬಿಟ್ಟ ಜಾಗಗಳಲ್ಲೂ ಸುತ್ತು ಬರೆಯುತ್ತಿದ್ದಳು. ಕಾಜಾ ಹಾಕುತ್ತ ಕೂತಿದ್ದ ಟೈಲರಮ್ಮ ಎಲ್ಲವನ್ನೂ ನೋಡಿದ್ದಳು.

"ಇನ್ನು ಹದಿನೈದು ದಿನಕ್ಕೆ ಹಿಮ ಬೀಳುತ್ತೆ. ಗೊತ್ತಿದ್ದೂ ಕೆಲಸ ಎಳೆಯೋಕೆ ನೋಡ್ತೀಯಾ?"

ಅವಳ ಸಿಟ್ಟಿಗೆ ಕಾರಣವಿತ್ತು. ಬೇಸಿಗೆಯಲ್ಲಿ ಕಾದ ಹಂಚಾಗುತ್ತಿದ್ದ ಆ ಗೋಡೆ ಚಳಿಗಾಲದಲ್ಲಿ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಬೇರೆಯವರಿಂದ ಎರಡು ವರ್ಷ ಎರಡು ತೇಪೆ ಹಾಕಿಸಿದ್ದಾಗಿತ್ತು. ಎರಡೂ ನಿಲ್ಲಲಿಲ್ಲ. ಹೋದ ಚಳಿಗಾಲ ಹೊಲಿದು ಒಳಗೆ ನೇತುಹಾಕಿದ್ದ ಮದುವೆಯ ನಿಲುವಂಗಿಗೆ ಬೂಷ್ಟು ಹಿಡಿದು, ಮದುಮಗಳು ಇದೇ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದಳು.

"ಅಕ್ಕ, ಬಯ್ಯೋಕೆ ಮೊದಲು ನೀವೇ ಒಂದ್ಸಲ ತಟ್ಟಿ ನೋಡಿ."

ಟೈಲರಮ್ಮ ಕೈ ಚಾಚಿ, ಕಿಟಕಿಯ ಮೇಲಿನ ಮೂಲೆಯಲ್ಲಿ ಕತ್ತರಿಯ ಹಿಡಿಯಿಂದ ತಟ್ಟಿದಳು. ಡಬ್ ಡಬ್. ಒಂದು ಗೇಣು ಆಚೆ ತಟ್ಟಿದರೆ ಟಕ್ ಟಕ್. ಮತ್ತೆ ಮೂಲೆಗೆ ಬಂದರೆ ಅದೇ ಡಬ್.

"ಪೊಳ್ಳು ಇಷ್ಟು ಸ್ಪಷ್ಟವಾಗಿ ಕೇಳಿಸುತ್ತಲ್ಲ! ಮೇಸ್ತ್ರಿ ಹೇಗೆ ಬಿಟ್ಟರು?"

ಟೈಲರಮ್ಮ ಅಂಗಳದ ಕಡೆ ತಿರುಗಿ "ಮೇಸ್ತ್ರೀ" ಎಂದು ಕೂಗಿದಳು. ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕೂಗಿದಳು. ಹತ್ತು ಹೆಜ್ಜೆ ಆಚೆ ಮೇಸ್ತ್ರಿ ಜರಡಿ ಅಲ್ಲಾಡಿಸುತ್ತಲೇ ಇದ್ದರು.

"ಯಾವಾಗಿನಿಂದ?" ಟೈಲರಮ್ಮನ ದನಿ ಇಳಿದಿತ್ತು.

"ಎರಡು ವರ್ಷ ಆಯ್ತು. ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಯಾರು ಕರೀತಾರೆ ಅಕ್ಕ? ಕೆಲಸ ಬಿಟ್ರೆ ಮಾವ ಉಳಿಯಲ್ಲ. ಅದಕ್ಕೇ ಹಿಂದಿನಿಂದ ನಾನೊಂದ್ಸಲ ತಟ್ಟಿಬಿಡ್ತೀನಿ. ಅವರಿಗೆ ಮಾತ್ರ ಹೇಳಬೇಡಿ."

ಅಷ್ಟರಲ್ಲಿ ಮೇಸ್ತ್ರಿ ಸಾರುವೆಯ ಬುಡಕ್ಕೆ ಬಂದಿದ್ದರು. ಇಬ್ಬರ ಮುಖವನ್ನೂ ನೋಡಿದರು. ಬಿದ್ದಿದ್ದ ಸೀಮೆಸುಣ್ಣ ಎತ್ತಿಕೊಂಡು ನಿಧಾನವಾಗಿ ಮೇಲೆ ಹತ್ತಿದರು.

"ಹೇಳಿಬಿಟ್ಯಾ ಹುಡುಗಿ? ಒಳ್ಳೇದೇ ಆಯ್ತು. ಕೈಗೆ ಅದುರು ಸಿಕ್ಕ ಕಡೆ ಹನ್ನೊಂದು ಸುತ್ತು ಬರೆದು ಇಳೀತೀನಿ, ಮತ್ತೆ ಹತ್ತಿದಾಗ ಹದಿನಾಲ್ಕು ಇರುತ್ತೆ. ಹೋಗಿರೋದು ಕಿವಿ, ಕಣ್ಣಲ್ಲ."

"ಗೊತ್ತಿದ್ದೂ ಸುಮ್ಮನಿದ್ರಾ ಮಾವ?" ಸೊಸೆ ಅವರ ಮುಖದೆದುರು ನಿಂತು, ಒಂದೊಂದೇ ಪದ ಬಿಡಿಸಿ ಕೇಳಿದಳು.

"ಏನಂತ ಹೇಳ್ಲಿ? ಗೋಡೆಗೂ ಕಿವಿ ಇರುತ್ತಂತೆ, ಗೋಡೆ ಕೆಲಸದೋನಿಗೇ ಇಲ್ಲ ಅಂತ ಹೇಳ್ಲಾ?" ಅರೆಬರೆ ನಕ್ಕರು. ಆಮೇಲೆ ಟೈಲರಮ್ಮನತ್ತ ತಿರುಗಿದರು. "ಒಂದು ಮಾತು ತಾಯಿ. ಇವಳು ಸುತ್ತು ಬರೆದ ಕಡೆ ಉಳಿ ಇಟ್ಟಾಗ ಇವತ್ತಿನವರೆಗೆ ಗಟ್ಟಿ ಗಾರೆ ಸಿಕ್ಕಿಲ್ಲ. ನಮ್ಮನ್ನ ಇಟ್ಕೊಳ್ಳೋದು, ಕಳಿಸೋದು ನಿಮಗೆ ಬಿಟ್ಟಿದ್ದು."

ಟೈಲರಮ್ಮ ಬಿಳಿಚಿಕೊಂಡಿದ್ದ ಆಕಾಶವನ್ನೊಮ್ಮೆ, ಕಿಟಕಿಯ ಮೂಲೆಯನ್ನೊಮ್ಮೆ ನೋಡಿದಳು. "ಮೊದಲು ಆ ಮೂಲೆ ಒಡೀರಿ."

ಮೇಸ್ತ್ರಿ ಉಳಿ, ಸುತ್ತಿಗೆ ಎರಡನ್ನೂ ಸೊಸೆಯ ಕೈಗಿಟ್ಟರು. ಎರಡೇ ಏಟಿಗೆ ತಟ್ಟೆಯಗಲ ಗಾರೆ ಕಳಚಿ ಬಂತು. ಹಿಂದೆ ಒದ್ದೆ ಪುಡಿ, ಕಪ್ಪು ಬೂಷ್ಟು. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು. ಇಷ್ಟು ವರ್ಷ ನೀರು ಇಳಿದದ್ದು ಅಲ್ಲಿಂದಲೇ. ತೇಪೆ ಹಾಕಿದವರು ತಲೆಯ ಗಾಯ ಬಿಟ್ಟು ಕಾಲಿಗೆ ಪಟ್ಟಿ ಕಟ್ಟಿದ್ದರು.

ಟೈಲರಮ್ಮ ಆ ಸಂದಿಗೆ ಬೆರಳಿಟ್ಟು ನೋಡಿದಳು. ಆಮೇಲೆ ಮೇಸ್ತ್ರಿಗೆ ಕಾಣುವಂತೆ ಮುಖ ಎತ್ತಿ ಕೇಳಿದಳು: "ತಟ್ಟೋಕೆ ಬರುತ್ತೆ, ಸರಿ. ಬಳಿಯೋಕೆ ಬರುತ್ತಾ ಇವಳಿಗೆ?"

"ಇಲ್ಲೀವರೆಗೆ ಬರೀ ಕಲಸೋಕೆ ಹಚ್ಚಿದೀನಿ, ಕರಣೆ ಕೊಟ್ಟಿಲ್ಲ. ತಪ್ಪು ನಂದು."

"ಹಾಗಾದ್ರೆ ನನ್ನ ಗೋಡೆ ಮೇಲೇ ಕಲೀಲಿ. ನಾನೂ ಯಾರದೋ ಬಟ್ಟೆ ಕೆಡಿಸಿಯೇ ಕಲಿತಿದ್ದು."

ಮರುದಿನದಿಂದ ಸೊಸೆ ಮೇಲೆ, ಮೇಸ್ತ್ರಿ ಕೆಳಗೆ. ಅವಳು ಬಳಿದ ಮೊದಲ ಪದರವನ್ನು ಅವರು ಎರಡು ಸಲ ಕೆರೆಸಿ ತೆಗೆಸಿದರು. ಮೂರನೇ ಸಲ ಕೈಯಿಂದ ಸವರಿ ನೋಡಿ, ಇಳಿದು ಹೋಗಿ ಇನ್ನೊಂದು ಬಾಂಡ್ಲಿ ಗಾರೆ ಕಲಸಿದರು. ಕಿಟಕಿಯ ಸಂದು ಮುಚ್ಚಿ, ಮೇಲೆ ನೀರು ಜಾರಿ ಆಚೆ ಬೀಳುವಂತೆ ತಗಡಿನ ಅಂಚು ಕೂರಿಸಿದ್ದಾಯಿತು. ಬಿಸಿಲಿಗೆ ಹಸಿ ಗಾರೆ ಬೇಗ ಒಣಗಿ ಸೀಳದಿರಲೆಂದು ಟೈಲರಮ್ಮ ಹಳೆಯ ಗೋಣಿಗಳನ್ನು ಒಂದಕ್ಕೊಂದು ಹೊಲಿದು ಕೊಟ್ಟಳು. ಅದನ್ನು ಒದ್ದೆ ಮಾಡಿ ಇಡೀ ಗೋಡೆಗೆ ಇಳಿಬಿಟ್ಟರು. ಹತ್ತನೆಯ ದಿನ ಕೊನೆಯ ಪದರಕ್ಕೆ ಕರಣೆ ಬಿತ್ತು. ಹಿಮ ಇನ್ನೂ ಬಂದಿರಲಿಲ್ಲ.

ಆ ಮಧ್ಯಾಹ್ನ ಹಿಂದಿನ ಬೀದಿಯ ಹೆಂಗಸೊಬ್ಬಳು ಗೋಡೆಯನ್ನು ಮೇಲಿಂದ ಕೆಳಗೆ ದಿಟ್ಟಿಸಿ ನೋಡಿ, ಮೊಣಕಾಲೂರಿ ಗಾರೆ ಕಲಸುತ್ತಿದ್ದವರ ಬಳಿ ಬಂದಳು.

"ನಮ್ಮನೆ ಗೋಡೆನೂ ಸ್ವಲ್ಪ ತೋರಿಸ್ಬೇಕಿತ್ತು. ಇಲ್ಲಿ ಮೇಸ್ತ್ರಿ ಯಾರು?"

"ನಂಗೆ ಕಿವಿ ಕೇಳಲ್ಲ ತಾಯಿ, ನನ್ನ ಮುಖ ನೋಡಿ ಬಿಡಿಸಿ ಹೇಳಿ."

ಅವಳು ಒಂದೊಂದೇ ಪದ ಬಿಡಿಸಿ ಮತ್ತೆ ಕೇಳಿದಳು. ಅವರು ಎದ್ದು ನಿಂತು, ಗಾರೆ ಮೆತ್ತಿದ ಬೆರಳನ್ನು ಸಾರುವೆಯ ಕಡೆ ಎತ್ತಿದರು.

"ಮೇಲಿದ್ದಾರೆ. ಕೆಲಸದಲ್ಲಿದ್ದಾರೆ, ಸ್ವಲ್ಪ ಕಾಯಬೇಕು."