ಹಡಗಿನ ಮೇಲೆ ಹೆಣ್ಣು ನೋಡುವ ಶಾಸ್ತ್ರ

ಒಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ಹದಿನೇಳು ಜನ ಅಲಾಸ್ಕಾದವರೆಗೆ ಬಂದಿದ್ದಾರೆ ಎಂಬುದು ಹಡಗು ಹತ್ತಿದ ಎರಡನೇ ದಿನವೇ ಮೈತ್ರಿಗೆ ಖಾತ್ರಿಯಾಯಿತು.

ಹೊರನೋಟಕ್ಕೆ ಇದು ಅಜ್ಜಿ ಕರಿಬಸಮ್ಮನವರ ಎಂಬತ್ತನೇ ವರ್ಷದ ಸಂಭ್ರಮ. ಮೈತ್ರಿಯ ಸೋದರಮಾವ ರುದ್ರೇಶ್, ಶಿವಮೊಗ್ಗದ ಸವಳಂಗ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮಾಲೀಕ, ಇಡೀ ಬಳಗವನ್ನು ಹೊರಡಿಸಿದ್ದ. ಹಿಮ ನೋಡುವ ವೀಸಾಕ್ಕಾಗಿ ಎಲ್ಲರೂ ಚೆನ್ನೈ ಬಿಸಿಲಲ್ಲಿ ಬೆವರಿ ಬಂದಿದ್ದರು. ಈಗ ಅಜ್ಜಿ ಸೆರಗಿನ ಮೇಲೆ ಮಂಕಿ ಕ್ಯಾಪ್ ಎಳೆದುಕೊಂಡು ಹಿಮನದಿಯನ್ನು ಒಮ್ಮೆ ನೋಡಿ, "ನಮ್ಮ ಫ್ರಿಜ್ಜಿನ ಮೇಲಿನ ಖಾನೆ ಇದ್ದಂಗೇ ಇದೆಯಲ್ಲೋ" ಎಂದು ಅಲಾಸ್ಕಾವನ್ನು ಮುಗಿಸಿಬಿಟ್ಟಿದ್ದರು.

ಆದರೆ ಕುಂಸಿಯ ಶಿವಶಂಕರಪ್ಪ ಯಾಕೆ ಬಂದರು? ನಿವೃತ್ತ ಎಂಜಿನಿಯರ್. ಜೊತೆಗೆ ಮಗ ಮಧು. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ದೂರದ ಸಂಬಂಧ ಎಂದರು. ಎಷ್ಟು ದೂರವೆಂದರೆ, ಅಲಾಸ್ಕಾವೇ ಹತ್ತಿರ. ಮಧುವಿನ ತಾಯಿ ತೀರಿಕೊಂಡಿದ್ದರು. ಅಂದರೆ ಅತ್ತೆಯ ಕಾಟವಿಲ್ಲದ ಮನೆ. ಒಬ್ಬ ವರನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಇನ್ನೇನು ಬೇಕು?

ಮೈತ್ರಿಗೆ ಇಪ್ಪತ್ತಾರು. ಭದ್ರಾವತಿ ನ್ಯೂ ಟೌನಿನಲ್ಲಿ ಹೈಸ್ಕೂಲ್ ಟೀಚರ್. ಈಗಾಗಲೇ ಮೂರು ಗಂಡುಗಳನ್ನು ಬೇಡ ಅಂದಿದ್ದಳು. ಅಪ್ಪ ಹೋಗಿ ಹನ್ನೊಂದು ವರ್ಷ. ತಾನೂ ಗಂಡನ ಮನೆಗೆ ಹೋದರೆ ಅಮ್ಮ ಈಶ್ವರಮ್ಮ ಒಬ್ಬರೇ. ಇದಕ್ಕೆ ಉತ್ತರವಿಲ್ಲದ ಗಂಡು ಅವಳಿಗೆ ಬೇಕಿರಲಿಲ್ಲ. ಬಳಗದವರು ಇದಕ್ಕೇ ಈ ಸಲ ಎದ್ದು ಹೋಗಲು ಬಾಗಿಲೇ ಇಲ್ಲದ ಜಾಗವನ್ನು ಹುಡುಕಿದ್ದರು. ಸುತ್ತ ಕೊರೆಯುವ ನೀರು.

ಅನುಮಾನ ಹುಟ್ಟಿದ್ದು ಪಕ್ಕದ ಕ್ಯಾಬಿನ್ನಿನ ಬಾಗಿಲ ಸಂದಿಯಿಂದ. ರುದ್ರೇಶನ ಹೆಂಡತಿ ಜಗದಾಂಬಾ ಚಕ್ಕುಲಿ ಡಬ್ಬಿ ಬಿಚ್ಚುತ್ತ ಹೇಳುತ್ತಿದ್ದಳು: "ಊರಲ್ಲಾದ್ರೆ ಜನರ ಬಾಯಿಗೆ ಬೀಗ ಹಾಕೋರು ಯಾರು ಮಾರಾಯ್ತಿ? ಇಲ್ಲಿ ನಮ್ಮೋರನ್ನ ಬಿಟ್ರೆ ಬರೀ ತಿಮಿಂಗಿಲ. ಒಪ್ಪಿದ್ರೆ ಊರಿಗೆ ಹೇಳೋದು, ಇಲ್ದಿದ್ರೆ ಇಲ್ಲೇ ಸಮುದ್ರಕ್ಕೆ ಹಾಕಿ ಹೋಗೋದು."

ತನ್ನ ಮಾನವನ್ನು ಕಾಪಾಡಲು ಇಷ್ಟು ದೂರ ಬಂದ ಬಳಗದ ಬಗ್ಗೆ ಮೈತ್ರಿಗೆ ಕಣ್ಣು ತುಂಬಿ ಬರಬೇಕಿತ್ತು. ಬರಲಿಲ್ಲ.

ಅಂದೇ ಅಜ್ಜಿ ಕರೆದು ಕೂರಿಸಿಕೊಂಡರು. "ನಿಮ್ಮಮ್ಮ ನಿಂಗೆ ಎಲ್ಲಾ ಹೇಳಿದ್ಲು ತಾನೇ?"

ಅಮ್ಮ ಏನೂ ಹೇಳಿರಲಿಲ್ಲ. ಎರಡು ಸಲ ಬಾಯಿ ತೆರೆದು, ಸ್ವೆಟರ್ ಹಾಕ್ಕೋ ಎಂದು ಮುಚ್ಚಿದ್ದರು. ಆದರೆ ಬಿ.ಎಡ್. ಮಾಡಿದವಳಿಗೆ ಇಷ್ಟೂ ತಿಳಿಯದೆ?

"ಎಲ್ಲಾ ಗೊತ್ತು ಅಜ್ಜಿ."

"ಗೊತ್ತಿದ್ರೆ ಸಾಕು ಬಿಡು. ನೀನು ಹ್ಞೂಂ ಅಂದ್ರೇನೇ ಮುಂದಿನ ಮಾತು ಅಂತ ನಿಮ್ಮಮ್ಮ ಪಟ್ಟು ಹಿಡ್ದಿದಾಳೆ. ಯಾರೂ ಬಲವಂತ ಮಾಡಲ್ಲ."

ಯಾರೂ ಬಲವಂತ ಮಾಡುವುದಿಲ್ಲ. ಬರೀ ಹದಿನೇಳು ಜನ ಮುಖ ನೋಡುತ್ತ ಕೂರುತ್ತಾರೆ, ಅಷ್ಟೇ.

ಮಧು ಡೆಕ್ಕಿನ ಕಟಕಟೆಯ ಬಳಿ ಸಿಕ್ಕಿದ. ಮೂಗು ಕೆಂಪಾಗಿತ್ತು. "ನಮ್ಮನೇಲಿ ಎಲ್ರಿಗೂ ಒಪ್ಪಿಗೆ. ನಿಮ್ದೊಂದು ಮಾತು ಬಾಕಿ."

"ಹೀಗೆ ಕೇಳೋಕೆ ನಿಮಗೆ ನಾಚಿಕೆ ಆಗಲ್ವಾ?"

"ಮೊದಲು ಆಗ್ತಿತ್ತು. ಆಮೇಲೆ ಅನ್ನಿಸ್ತು, ಖಾಲಿ ಮನೆಗಿಂತ ನಾಚಿಕೆನೇ ವಾಸಿ."

ಮಾತು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಐದನೇ ದಿನ ಸಂಜೆ ಕ್ಯಾಬಿನ್ನಿನಲ್ಲಿ ಈಶ್ವರಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಅಮ್ಮನ ಜಡೆಯನ್ನು ಜಗದಾಂಬಾ ಹಾಕಿದ್ದಳಂತೆ. ಅಳಿಯನ ಮುಂದೆ ಅತ್ತೆಯೂ ಲಕ್ಷಣವಾಗಿ ಕಾಣಬೇಕಲ್ಲ!

"ಮೈತ್ರಿ, ನಾವಿಬ್ರೂ ಬೇರೆ ಬೇರೆ ಕಡೆ ಇದ್ರೆ ನಿಂಗೆ ಬೇಜಾರಾಗುತ್ತಾ?"

"ಹಾಗಿರೋಕೆ ನಾನು ಬಿಟ್ರೆ ತಾನೇ?" ಎಂದಳು ಮೈತ್ರಿ. ಈಶ್ವರಮ್ಮ ಸೀರೆಯ ಅಂಚನ್ನು ಮಡಿಸಿ ಬಿಡಿಸಿ ಮಾಡಿದರು.

ಮೈತ್ರಿ ಬೇಕೆಂದೇ ಅಜ್ಜಿಯ ಇನ್ನೊಂದು ಮಂಕಿ ಕ್ಯಾಪ್ ಹಾಕಿಕೊಂಡು, ದಪ್ಪ ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹಡಗಿನ ಲೌಂಜಿಗೆ ಹೋದಳು. ಯಾರೂ ಗದರಲಿಲ್ಲ. ಇದು ಅವಳನ್ನು ಸ್ವಲ್ಪ ನಿರಾಶೆಗೊಳಿಸಿತು.

ಶಿವಶಂಕರಪ್ಪ ಕೋಟು ಹಾಕಿ, ಹಣೆಗೆ ವಿಭೂತಿ ಇಟ್ಟು, ಪರೀಕ್ಷೆಗೆ ಬಂದವರಂತೆ ಕೂತಿದ್ದರು. ಚಕ್ಕುಲಿ, ರವೆ ಉಂಡೆ ಹೊರಬಂದವು. ಕಾಫಿ ತಟ್ಟೆ ತನ್ನ ಕೈಗೆ ಬರುತ್ತದೆ, ಒಲ್ಲೆ ಎನ್ನಬೇಕು ಎಂದು ಮೈತ್ರಿ ಕಾದಳು. ಜಗದಾಂಬಾ ಅದನ್ನು ನೇರವಾಗಿ ಈಶ್ವರಮ್ಮನ ಕೈಗೆ ಕೊಟ್ಟಳು. ಹೆದರಿದ್ದಾರೆ ಎಂದುಕೊಂಡು ಮೈತ್ರಿ ಒಳಗೇ ನಕ್ಕಳು. ಈಶ್ವರಮ್ಮ ಮೊದಲ ಕಾಫಿಯನ್ನು ಶಿವಶಂಕರಪ್ಪನವರಿಗೆ ಕೊಟ್ಟು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ಚಳಿ ಎಂದು ಯಾರೋ ಅಂದರು.

ಅಜ್ಜಿ ಗಂಟಲು ಸರಿಮಾಡಿಕೊಂಡರು. "ಮೈತ್ರಿ, ಎಲ್ಲರ ಎದುರಿಗೂ ಹೇಳಿಬಿಡವ್ವ. ಈ ಸಂಬಂಧ ನಿಂಗೆ ಒಪ್ಪಿಗೆನಾ?"

ಮೈತ್ರಿ ಎದ್ದು ನಿಂತಳು. ಮೂರು ದಿನದಿಂದ ಮನಸ್ಸಿನಲ್ಲೇ ತಿದ್ದಿಕೊಂಡ ಭಾಷಣ.

"ಇಲ್ಲ ಅಜ್ಜಿ. ನಮ್ಮಮ್ಮನಿಗೆ ನಾನಿದೀನಿ. ಹನ್ನೊಂದು ವರ್ಷದಿಂದ ಇದೀನಿ, ಸಾಯೋವರೆಗೂ ಇರ್ತೀನಿ. ನಮ್ಮಿಬ್ರ ನಡುವೆ ಇನ್ನೊಬ್ರು ಬರೋದು ಬೇಡ. ಕುಂಸಿಯವರಿಗೂ ಕೈಮುಗೀತೀನಿ. ಇಷ್ಟು ದೂರ ಬಂದು ತೊಂದರೆ ತಗೊಂಡ್ರಿ."

ರುದ್ರೇಶ್ ಕಿಟಕಿಯ ಕಡೆ ತಿರುಗಿದ. ಮಧು ತಲೆ ತಗ್ಗಿಸಿದ. ಅಮ್ಮ ತನ್ನನ್ನು ಹೆಮ್ಮೆಯಿಂದ ನೋಡುತ್ತಿರಬೇಕು ಎಂದುಕೊಂಡು ಮೈತ್ರಿ ಗೆದ್ದವಳ ಹಾಗೆ ಕೂತಳು.

ಶಿವಶಂಕರಪ್ಪ ಎದ್ದು, ಈಶ್ವರಮ್ಮನ ಎದುರು ನಿಂತು, ಮೆಲ್ಲಗೆ ಹೇಳಿದರು: "ಅಳಬೇಡಿ ಈಶ್ವರಮ್ಮ, ಮಗಳೇ ಬೇಡ ಅಂದಮೇಲೆ ಈ ವಯಸ್ಸಲ್ಲಿ ನಮ್ಮಿಬ್ರಿಗೆ ಮದುವೆ ಯಾಕೆ ಬಿಡಿ."